ಓಜೋನಿಗೆ ಕೊಡೆ ಹಿಡಿದವರು

ಕೆಂಚಾರ್ಲಹಳ್ಳಿಯ ಒಬ್ಬ ಹುಡುಗಿಗೂ ಆಕಾಶದಲ್ಲಿ ಸುತ್ತುವ ಒಂದು ಉಪಗ್ರಹಕ್ಕೂ ನಡುವೆ ನಮ್ಮ ದೊಡ್ಡವರು ಬೀಗ ಹಾಕಿದರು. ಅವಳು ಬೀಗವನ್ನು ಸುತ್ತಿಬಳಸಿ ಆಚೆ ಬಂದಾಗ ಅವಳ ಕೆಲಸವನ್ನೇ ಹಾಳು ಮಾಡಿದರು. ಇದು ನನ್ನ ಆರೋಪ. ಯಾರಿಗಾದರೂ ಕೋಪ ಬಂದರೆ ಬರಲಿ.

ನಾನು ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದವನು. ಕಾಲೇಜಿನ ಮೆಟ್ಟಿಲು ಹತ್ತಿಲ್ಲ. ಗೌರಿಬಿದನೂರಿನ ಲೈಬ್ರರಿಯಲ್ಲಿ ಕೂತು ಓದಿದ್ದನ್ನು ವಾರದ ರಜೆಯ ದಿನ ಯಾವುದಾದರೂ ಶಾಲೆಗೆ ಹೋಗಿ ಮಕ್ಕಳಿಗೆ ಹೇಳುತ್ತೇನೆ. ಹೋದ ಕಡೆಯಲ್ಲೆಲ್ಲ ಹೀಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ, ಹಲ್ಲು ಕಚ್ಚಿಕೊಂಡು.

ಕೊಡೆ ಇಲ್ಲದ ಭಾಷಣ

ನಮ್ಮ ಶಾಲೆಗಳಲ್ಲಿ ಓಜೋನ್ ಅಂದರೆ ಕೊಡೆ. ಮೇಷ್ಟ್ರು ಒಂದು ಕೊಡೆ ಬಿಚ್ಚುತ್ತಾರೆ, "ಇದೇ ಓಜೋನ್ ಪದರ" ಅನ್ನುತ್ತಾರೆ, ಮಡಚುತ್ತಾರೆ. ಪಾಠ ಮುಗಿಯಿತು. ಚಿಂತಾಮಣಿ ಕಡೆಯ ಒಂದು ಹೈಸ್ಕೂಲಿಗೆ ನಾನು ಬರಿಗೈಯಲ್ಲಿ ಹೋದಾಗ ಹೆಡ್‌ಮಾಸ್ಟರು ಕೇಳಿದ ಮೊದಲ ಮಾತು, "ಕೊಡೆ ತಂದಿಲ್ವೇನ್ರೀ?"

ನಾನು ಬೇರೆ ವಿಷಯ ಹೇಳಲು ಹೋಗಿದ್ದೆ. ಎಪ್ಪತ್ತು ಎಂಬತ್ತು ಕಿಲೋಮೀಟರ್ ಮೇಲೆ ಗಾಳಿ ತೀರಾ ತೆಳ್ಳಗಿರುತ್ತದೆ. ಅಲ್ಲಿಗೆ ತಲುಪಿದ ನೀರಿನ ಆವಿಯನ್ನು ಬಿಸಿಲು ಒಡೆದು ಹಾಕುತ್ತದೆ. ಒಡೆದ ಚೂರುಗಳಲ್ಲಿ ಒಂದರಲ್ಲಿ ಒಂದು ಹೈಡ್ರೋಜನ್ನು, ಒಂದು ಆಕ್ಸಿಜನ್ನು ಅಂಟಿಕೊಂಡಿರುತ್ತವೆ. ಹೈಡ್ರಾಕ್ಸಿಲ್ ಅಂತ ಅದರ ಹೆಸರು. ಅದು ಓಜೋನನ್ನು ಕಚ್ಚಿ ಒಂದು ಆಕ್ಸಿಜನ್ ಕಿತ್ತುಕೊಳ್ಳುತ್ತದೆ, ಕಿತ್ತದ್ದನ್ನು ಇನ್ನೊಂದು ಒಂಟಿ ಆಕ್ಸಿಜನ್ನಿಗೆ ದಾಟಿಸಿ ಮತ್ತೆ ಮೊದಲಿನಂತೆಯೇ ಆಗುತ್ತದೆ. ಆಮೇಲೆ ಮುಂದಿನ ಓಜೋನನ್ನು ಕಚ್ಚುತ್ತದೆ. ಈ ಚೂರುಗಳು ಹೊರಸೂಸುವ ಅತಿ ಮಂದವಾದ ಅಲೆಯನ್ನು ಹಿಡಿದು, ಎಲ್ಲಿ ಎಷ್ಟಿವೆ ಎಂದು ಅಳೆಯುವ ಉಪಗ್ರಹ ಮೇಲೆ ಹೋಗಿ ಕೆಲವು ವರ್ಷವಾಗಿತ್ತು. ಅದನ್ನೇ ಬೋರ್ಡಿನ ಮೇಲೆ ಬರೆದು ಹೇಳಿದೆ.

ಹೆಡ್‌ಮಾಸ್ಟರಿಗೆ ಸರಿಬರಲಿಲ್ಲ. "ನೀರೇ ಓಜೋನ್ ತಿನ್ನುತ್ತೆ ಅಂತ ಹೇಳ್ಬಿಟ್ರೆ ಹೆಂಗ್ರೀ? ನಾಳೆಯಿಂದ ಈ ಮಕ್ಕಳು ನೀರು ಕುಡಿಯೋದು ಬಿಟ್ರೆ ಯಾರು ಜವಾಬ್ದಾರಿ?"

ಹಿಂದಿನ ಬೆಂಚಿನಿಂದ ಒಂಬತ್ತನೇ ಕ್ಲಾಸಿನ ಒಬ್ಬಳು ಎದ್ದಳು. ಅವಳೇ ಕೆಂಚಾರ್ಲಹಳ್ಳಿಯವಳು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ.

"ಅಣ್ಣಾ, ಬಿಸಿಲು ಒಡೆದ್ರೆ ತಾನೇ ಆ ಚೂರು ಹುಟ್ಟೋದು? ರಾತ್ರಿ ಹೊತ್ತು ಏನಾಗುತ್ತೆ?"

ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ ಕಣಮ್ಮ" ಅಂದೆ. "ವಿಜ್ಞಾನಿಗಳನ್ನೇ ಕೇಳಬೇಕು."

"ಅವರು ಎಲ್ಲಿ ಸಿಗ್ತಾರೆ?"

ಜಿಲ್ಲಾ ಮಟ್ಟದ ವಿಜ್ಞಾನ ಪ್ರದರ್ಶನದಲ್ಲಿ ಆಯ್ಕೆಯಾದವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಾರೆ, ಅಲ್ಲಿ ಮಾದರಿ ನೋಡಲು ವಿಜ್ಞಾನಿಗಳು ಬರುತ್ತಾರೆ ಎಂದೆ. ಅವಳು ಅವತ್ತೇ ಹೊರಟುಬಿಟ್ಟಳು, ಮನಸ್ಸಿನಲ್ಲಿ.

"ಆ ಉಪಗ್ರಹ ನಮ್ಮೂರ ಮೇಲೂ ಬರುತ್ತಾ ಅಣ್ಣಾ?"

"ಬರುತ್ತೆ. ಅದು ಅಳೆದ ಲೆಕ್ಕ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಪುಕ್ಕಟೆ."

"ಹಂಗಾದ್ರೆ ನಮ್ಮ ಕಂಪ್ಯೂಟರ್ ರೂಮಲ್ಲೇ ನೋಡಬೋದಲ್ಲ!"

ತಕ್ಷಣ ಹೆಡ್‌ಮಾಸ್ಟರು, ಮೇಷ್ಟ್ರುಗಳು, ಎಲ್ಲರೂ ತಲೆ ಎತ್ತಿ ಚಾವಣಿ ನೋಡತೊಡಗಿದರು. ಉಪಗ್ರಹ ಆಗಲೇ ಬಂದುಬಿಟ್ಟಿದೆಯೋ ಏನೋ ಅನ್ನುವ ಹಾಗೆ.

ಮೌಸಿನ ಕೆಳಗೆ ನಿಂಬೆಹಣ್ಣು

ಆ ರೂಮಿಗೆ ಬೀಗ ಬಿದ್ದಿತ್ತು. ಕಿಟಕಿಯಲ್ಲಿ ಇಣುಕಿದೆ. ಸಾಲಾಗಿ ಕಂಪ್ಯೂಟರುಗಳು. ಒಂದೊಂದರ ಪರದೆಯ ಮೇಲೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಕೊರಳಿಗೆ, ಅಂದರೆ ಕೊರಳು ಇರಬೇಕಾದ ಜಾಗಕ್ಕೆ, ಒಣಗಿ ಕಡ್ಡಿಯಾದ ಚೆಂಡುಹೂವಿನ ಹಾರ. ಹೋದ ವರ್ಷದ ಆಯುಧಪೂಜೆಯದು. ಎಲ್ಲ ಮೌಸುಗಳೂ ಒಂದು ಕಡೆಗೆ ವಾಲಿಕೊಂಡಿದ್ದವು.

"ಅದ್ಯಾಕೆ ಹಂಗಿದಾವೆ?" ಅಂತ ಜವಾನನನ್ನು ಕೇಳಿದೆ.

"ಗಾಡಿಗಾದ್ರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತೀವಿ ಸಾರ್. ಇದಕ್ಕೆ ಚಕ್ರ ಎಲ್ಲೈತೆ ಅಂತ ಹುಡುಕಿದ್ವಿ. ಇದರ ಹೊಟ್ಟೆ ಕೆಳಗೆ ಒಂದು ಗುಂಡು ಉರುಳುತ್ತಲ್ಲ, ಅದೇ ಇರಬೇಕು ಅಂತ ಇಟ್ವಿ."

"ಇಟ್ಟ ಮೇಲೆ ತೆಗೀಲಿಲ್ವಾ?"

"ತೆಗಿಯಾದು ಹೆಂಗೆ ಸಾರ್? ಗಾಡಿ ಆದ್ರೆ ಮುಂದಕ್ಕೆ ಹೋಗುತ್ತೆ, ಹಣ್ಣು ಅಪ್ಪಚ್ಚಿ ಆಗುತ್ತೆ. ಇದು ಎಲ್ಲೂ ಹೋಗಲೇ ಇಲ್ಲ."

ಹೆಡ್‌ಮಾಸ್ಟರ ಹತ್ತಿರ ಹೋಗಿ ಬೀಗದ ಕೈ ಕೇಳಿದೆ.

"ಮಕ್ಕಳು ಮುಟ್ಟಿದ್ರೆ ಕೆಟ್ಟುಹೋಗ್ತವೆ ಕಣ್ರೀ."

"ಮುಟ್ಟದಿದ್ರೆ?"

"ಹೊಸದಾಗೇ ಇರ್ತವೆ." ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲ. "ಅವಸರ ಯಾಕೆ? ಆಯುಧಪೂಜೆ ದಿನ ತೆಗೀತೀವಿ, ಆವಾಗ ಬರಲಿ. ಪ್ರಸಾದಾನೂ ಸಿಗುತ್ತೆ."

ಆಕಾಶದಲ್ಲಿ ಲೇಔಟು

ಪ್ರದರ್ಶನ ಇದ್ದದ್ದು ಆಯುಧಪೂಜೆಗಿಂತ ಮುಂಚೆ. ಹಾಗಾಗಿ ಹುಡುಗಿ, ಅವಳ ತಾಯಿ, ನಾನು ಚಿಂತಾಮಣಿಯ ಒಂದು ಬ್ರೌಸಿಂಗ್ ಸೆಂಟರಿಗೆ ಹೋದೆವು. ಯಜಮಾನ ತಲೆಯೆತ್ತದೆ ಕೇಳಿದ, "ರಿಸಲ್ಟಾ?"

"ಅಲ್ಲ. ಉಪಗ್ರಹದ ಚಿತ್ರ."

ಆಗ ತಲೆಯೆತ್ತಿದ. ಕುರ್ಚಿಯನ್ನೂ ಒರೆಸಿಕೊಟ್ಟ.

ಚಿತ್ರ ಇಳಿಯತೊಡಗಿತು. ಮೇಲಿನಿಂದ ಒಂದೊಂದೇ ಗೆರೆ. ಎರಡು ಸಲ ಲೈನ್ ಕಟ್ಟಾಯಿತು. ತಾಯಿ ಬೆಂಚಿನ ಮೇಲೆ ಕೂತು, "ಸೊಪ್ಪು ಹಾಕೋ ಹೊತ್ತಾಯ್ತು, ಹುಳ ಕಾಯ್ತಿರ್ತವೆ" ಎಂದು ಗೊಣಗುತ್ತಿದ್ದಳು. ಕೊನೆಗೆ ಪೂರ್ತಿ ಇಳಿದಾಗ ಹುಡುಗಿ ಮುಂದಕ್ಕೆ ಬಾಗಿ ನೋಡಿದಳು. ಭೂಮಿಯ ಮೇಲೆಲ್ಲ ಕೆಂಪು, ಹಳದಿ, ನೀಲಿ ಪಟ್ಟಿಗಳು. ಹೈಡ್ರಾಕ್ಸಿಲ್ ಎಲ್ಲಿ ಹೆಚ್ಚು, ಎಲ್ಲಿ ಕಮ್ಮಿ. ಅವಳು ಬೆರಳಿಟ್ಟು ನಮ್ಮ ದೇಶ ಹುಡುಕಿ, ನಮ್ಮ ಕಡೆ ಇರುವ ಬಣ್ಣ ಹುಡುಕಿದಳು. "ಅಮ್ಮಾ, ಇದು ನಮ್ಮನೆ ಮೇಲಿಂದು."

ಅಷ್ಟರಲ್ಲಿ ಯಜಮಾನನೂ, ಅವನ ಅಂಗಡಿಯಲ್ಲಿ ಕೂತಿದ್ದ ಗಿರಾಕಿಗಳೂ ನಮ್ಮ ಬೆನ್ನ ಹಿಂದೆ ಬಂದು ನಿಂತಿದ್ದರು.

"ಈ ಕೆಂಪಗಿರೋದು ಯಾವ ಕಡೆ? ಏರ್‌ಪೋರ್ಟ್ ಹತ್ತಿರಾನಾ?" ಅಂದ ಯಜಮಾನ.

"ಇಲ್ಲಪ್ಪ. ಎಪ್ಪತ್ತೆಂಬತ್ತು ಕಿಲೋಮೀಟರ್ ಮೇಲೆ."

"ಮೇಲೆ ಅಂದ್ರೆ? ಹೈದರಾಬಾದ್ ರೋಡಾ?"

"ಆಕಾಶದಲ್ಲಿ!"

ಅವನು ಪರದೆಗೆ ಇನ್ನಷ್ಟು ಹತ್ತಿರ ಬಂದು ಬಣ್ಣದ ಪಟ್ಟಿಗಳನ್ನು ಚೆನ್ನಾಗಿ ನೋಡಿದ. "ಅಯ್ಯಯ್ಯೋ ದೇವುಡಾ," ಎಂದ. "ಅಲ್ಲೂ ಸೈಟ್ ಮಾಡ್ಬಿಟ್ರಾ!"

ಬಲ್ಬು ಉರಿಯಬೇಕು

ತಾಲ್ಲೂಕು ಮಟ್ಟದ ಪ್ರದರ್ಶನ. ಹುಡುಗಿ ಆ ಚಿತ್ರವನ್ನು ನೋಡಿಕೊಂಡು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ತಾನೇ ವಾಟರ್ ಕಲರಿನಲ್ಲಿ ಬರೆದಿದ್ದಳು. ಒಂದೊಂದು ಬಣ್ಣವನ್ನೂ ಒಣಗಿಸಿ ಇನ್ನೊಂದು ಹಚ್ಚಿ, ಎರಡು ವಾರ ಹಿಡಿದ ಕೆಲಸ. ಪಕ್ಕದ ಟೇಬಲ್ಲಿನಲ್ಲಿ ಅಂಗಡಿಯಿಂದ ಕೊಂಡು ತಂದ ಜ್ವಾಲಾಮುಖಿ ಹೊಗೆ ಬಿಡುತ್ತಿತ್ತು.

ತೀರ್ಪುಗಾರರು ಬಂದರು. "ಓಜೋನ್ ಅಂತ ಬರೆದಿದ್ದೀಯ. ಕೊಡೆ ಎಲ್ಲಮ್ಮ?"

"ಅಲ್ಲಿ ಕೊಡೆ ಇಲ್ಲ ಸಾರ್. ಗಾಳಿ ಇದೆ."

"ಕರೆಂಟಾದ್ರೂ ಎಲ್ಲಿ? ವಿಜ್ಞಾನ ಅಂದ್ಮೇಲೆ ಒಂದು ಬಲ್ಬಾದ್ರೂ ಉರೀಬೇಡ್ವಾ?"

ಅವಳು ಸಹನೆಯಿಂದ ವಿವರಿಸಿದಳು. ಅವರು ಒಂದು ಕಡೆ ತಡೆದರು. "ಇರಮ್ಮ. ಅಷ್ಟೊಂದು ಓಜೋನ್ ತಿಂದೂ ಅದು ಹಂಗೇ ಇರುತ್ತೆ ಅಂದ್ರೆ ಯಾರು ನಂಬ್ತಾರೆ?"

"ರೇಷ್ಮೆ ಗೂಡಿನ ವ್ಯಾಪಾರದಲ್ಲಿ ದಲ್ಲಾಳಿ ಇರ್ತಾರಲ್ಲ ಸಾರ್. ಈ ಕಡೆ ಒಬ್ಬರ ಹತ್ರ ಕಿತ್ಕೊಳ್ತಾರೆ, ಆ ಕಡೆ ಇನ್ನೊಬ್ಬರಿಗೆ ದಾಟಿಸ್ತಾರೆ, ಮತ್ತೆ ಬರಿಗೈಲಿ ಬಂದು ನಿಂತ್ಕೊಳ್ತಾರೆ. ಸಂಜೆ ಆದ್ರೂ ಅವರು ಹಂಗೇ ಇರ್ತಾರೆ. ನಮ್ಮ ಗೂಡು ಮಾತ್ರ ಇರಲ್ಲ."

ಸುತ್ತ ನಿಂತಿದ್ದ ತಂದೆ ತಾಯಂದಿರು ಹೋ ಎಂದು ನಕ್ಕರು. ಚಪ್ಪಾಳೆಯೂ ಬಿತ್ತು. ಅಷ್ಟು ಜನರೆದುರು ಬೇರೆ ದಾರಿಯಿಲ್ಲದೆ ತೀರ್ಪುಗಾರರು ಜ್ವಾಲಾಮುಖಿಗೆ ಮೊದಲನೆಯದು, ಅವಳಿಗೆ ಎರಡನೆಯದು ಕೊಟ್ಟರು. ಇಬ್ಬರೂ ಜಿಲ್ಲೆಗೆ. ಅವಳಿಗೆ ಮಾತ್ರ ಒಂದು ಷರತ್ತು: ಬಲ್ಬು ಉರಿಯಬೇಕು, ಕೊಡೆ ಇರಬೇಕು.

ಅವಳು ಒಂದು ಬಲ್ಬನ್ನು ಹಾಳೆಯ ಮೇಲ್ತುದಿಗೆ ಸಿಕ್ಕಿಸಿ, ಕೆಳಗೆ "ಸೂರ್ಯ" ಎಂದು ಬರೆದಳು. "ನೀರು ಒಡೆಯೋದು ಅದೇ ತಾನೇ ಅಣ್ಣ, ಸುಳ್ಳಾಗಲ್ಲ. ಕೊಡೆ ಮಾತ್ರ ಇಡಲ್ಲ."

ತೀರ್ಪುಗಾರರು ಹೋಗುವಾಗ ನನ್ನ ಕಿವಿಯಲ್ಲಿ ಹೇಳಿದರು: "ಹುಡುಗಿ ಚುರುಕಿದಾಳೆ. ಆದ್ರೆ ದಲ್ಲಾಳಿ ವಿಷಯ ಬೇಡ ಅಂತ ಹೇಳಿ. ನಮ್ಮ ಭಾವಮೈದ ಅದೇ ಕೆಲಸದಲ್ಲಿರೋದು."

ತೂತು

ಜಿಲ್ಲಾ ಪ್ರದರ್ಶನ ಚಿಕ್ಕಬಳ್ಳಾಪುರದಲ್ಲಿ, ಓಜೋನ್ ದಿನದಂದೇ. ಹೊಸ ಜಿಲ್ಲೆ, ಹೊಸ ಉತ್ಸಾಹ. ಓಜೋನ್ ಜಾಗೃತಿಗೆಂದು ಬಂದ ಹಣದಲ್ಲಿ ಅಧಿಕಾರಿಗಳು ಏನು ಕೊಂಡಿದ್ದರು ಗೊತ್ತೇ? ಕೊಡೆಗಳನ್ನು. ವೇದಿಕೆ ಮೇಲಿನ ಪ್ರತಿಯೊಬ್ಬ ಗಣ್ಯರಿಗೂ ಒಂದೊಂದು. ಅಷ್ಟಕ್ಕೇ ನಿಲ್ಲಲಿಲ್ಲ. ಓಜೋನ್ ರಂಧ್ರ ಜನರಿಗೆ ಮನದಟ್ಟಾಗಲಿ ಎಂದು ಟೈಲರನ್ನು ಕರೆಸಿ, ಎಲ್ಲ ಹೊಸ ಕೊಡೆಗಳಿಗೂ ತಟ್ಟೆಯಗಲದ ತೂತು ಮಾಡಿಸಿದ್ದರು.

ಕೊಡೆಗಳನ್ನು ಜೋಡಿಸಲು ಟೇಬಲ್ ಬೇಕಾಗಿ, ಹುಡುಗಿಯ ಹಾಳೆಯನ್ನು ಶಾಮಿಯಾನದ ಅಂಚಿನ ಒಂದು ಕುರ್ಚಿಗೆ ಒರಗಿಸಿದರು. ಮುಖ್ಯ ಅತಿಥಿಗಳು ಬಂದು ಕೊಡೆ ಬಿಚ್ಚಿ ಉದ್ಘಾಟಿಸಿದರು. ತೂತಿನಿಂದ ಆಕಾಶ ನೋಡಿ, "ಅದ್ಭುತ" ಎಂದರು. ತೀರ್ಪುಗಾರರು ಊಟ ಮುಗಿಸಿ ಬರುವವರಿದ್ದರು.

ಅವರಿಗಿಂತ ಮುಂಚೆ ನಂದಿಬೆಟ್ಟದ ಕಡೆಯಿಂದ ಮಳೆ ಬಂತು. ಅಂತಿಂಥ ಮಳೆಯಲ್ಲ, ಶಾಮಿಯಾನ ಹೊಟ್ಟೆ ಉಬ್ಬಿಸಿಕೊಂಡು ಕೂತಿತು. ಗಣ್ಯರೆಲ್ಲ ಒಟ್ಟಿಗೆ ಎದ್ದು, ಕೈಯಲ್ಲಿದ್ದ ಕೊಡೆಗಳನ್ನು ಒಟ್ಟಿಗೆ ಬಿಚ್ಚಿ, ಕಾರಿನ ಕಡೆ ಓಡಿದರು. ನೀರು ಒಬ್ಬೊಬ್ಬರ ನೆತ್ತಿಯ ಮೇಲೂ ನಲ್ಲಿ ತಿರುಗಿಸಿದ ಹಾಗೆ ನೇರವಾಗಿ ಬಿತ್ತು.

"ಏನ್ರೀ ಇದು, ತೂತು!" ಎಂದು ಮುಖ್ಯ ಅತಿಥಿಗಳು ಕೂಗಿದರು.

"ಸಾರ್, ಅದೇ ಸಾರ್ ಓಜೋನು," ಎಂದರು ಅಧಿಕಾರಿ, ತಾವೂ ನೆನೆಯುತ್ತ.

"ಮುಚ್ರೀ ಅದನ್ನ!"

ಅಧಿಕಾರಿ ಅತ್ತಿತ್ತ ನೋಡಿದರು. ಕೈಗೆ ಸಿಕ್ಕಿದ್ದು ಹುಡುಗಿಯ ಹಾಳೆ. ಬಲ್ಬನ್ನು ಕಿತ್ತೆಸೆದು, ಹಾಳೆಯನ್ನು ಮುಖ್ಯ ಅತಿಥಿಗಳ ಕೊಡೆಯ ಮೇಲೆ ಹೊದಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಜೊತೆಗೆ ಓಡಿದರು. ಹಿಂದೆ ಹುಡುಗಿ. "ಸಾರ್, ಅದು ನಂದು ಸಾರ್! ಇನ್ನೂ ಯಾರೂ ನೋಡಿಲ್ಲ ಸಾರ್!" ಅವಳ ಹಿಂದೆ ನಾನು. ಕಾರು ಸೇರುವ ಹೊತ್ತಿಗೆ ಕೆಂಪು, ಹಳದಿ, ನೀಲಿ ಎಲ್ಲ ಕರಗಿ, ತೂತಿನಿಂದ ಇಳಿದು, ಮುಖ್ಯ ಅತಿಥಿಗಳ ಬಿಳಿ ಅಂಗಿಯ ಮೇಲೆ ಹೋಳಿಯಾಗಿತ್ತು.

ಮಳೆ ನಿಂತ ಮೇಲೆ ತೀರ್ಪುಗಾರರು ವೀಳ್ಯದೆಲೆ ಅಗಿಯುತ್ತ ಬಂದರು. "ಎಲ್ಲಮ್ಮ ನಿನ್ನ ಮಾಡೆಲ್ಲು?"

ಹುಡುಗಿ ಕಣ್ಣೊರೆಸಿಕೊಂಡು, ಹೊರಟುಹೋಗುತ್ತಿದ್ದ ಕಾರಿನ ಕಡೆ ಕೈ ತೋರಿಸಿದಳು. "ಸಾಹೇಬರ ಅಂಗಿ ಮೇಲಿದೆ ಸಾರ್."

ಗೈರುಹಾಜರು ಎಂದು ಬರೆದುಕೊಂಡರು. ಬೆಂಗಳೂರಿಗೆ ಜ್ವಾಲಾಮುಖಿ ಹೋಯಿತು.

ನಗು ಬಂತಲ್ಲವೇ? ನಕ್ಕಾದ ಮೇಲೆ ಒಂದು ಕೆಲಸ ಮಾಡಿ. ರಾತ್ರಿ ಆ ಚೂರು ಏನಾಗುತ್ತದೆ ಎಂಬ ಪ್ರಶ್ನೆ ಇನ್ನೂ ಅವಳ ಹತ್ತಿರವೇ ಇದೆ. ಉಪಗ್ರಹ ಇನ್ನೂ ಮೇಲೆ ಹಾದುಹೋಗುತ್ತಿದೆ. ರೂಮು ಇನ್ನೂ ಮುಚ್ಚಿದೆ. ನಿಮ್ಮೂರ ಶಾಲೆಯಲ್ಲೂ ಅಂಥದೊಂದು ರೂಮಿರುತ್ತದೆ. ನಾಳೆ ಬೆಳಿಗ್ಗೆ ನಾಲ್ಕು ಜನ ಸೇರಿ ಹೋಗಿ, ಕಿಟಕಿಯಲ್ಲಿ ಇಣುಕಿ, ಬೀಗದ ಕೈ ಕೇಳಿ. ಕೈ ಕಳೆದುಹೋಗಿದೆ ಅಂದರೆ ಬೀಗ ರಿಪೇರಿಯವನನ್ನು ಕರೆಸಿ, ತೆರೆಯುವವರೆಗೂ ಅಲ್ಲೇ ಬಾಗಿಲಲ್ಲಿ ಕೂತುಕೊಳ್ಳಿ. ಮೌಸಿನ ಕೆಳಗಿನ ನಿಂಬೆಹಣ್ಣನ್ನು ನೀವೇ ತೆಗೆದು ಆಚೆಗೆಸೆದು, ನಿಮ್ಮ ಮಗಳ ಕೈಯನ್ನು ಅದರ ಮೇಲಿಡಿ. ಆಯುಧಪೂಜೆವರೆಗೂ ಕಾಯಬೇಡಿ.