ಮೀಥೈಲ್‌ಬೆಂಜೀನ್ ಮಾವ

ನಮ್ಮ ಸೋದರಮಾವನಿಗೆ ಚಿಕ್ಕ ಹೆಸರು ಕಂಡರೆ ಮೈಯೆಲ್ಲ ತುರಿಕೆ. ಪೀಣ್ಯದ ಒಂದು ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ತಲೆ ನರೆಯಿಸಿಕೊಂಡವರು. ಆರು ಕಾರ್ಬನ್ನುಗಳ ಬೆಂಜೀನ್ ಉಂಗುರ, ಅದರ ಮೂಲೆಗೊಂದು ನಂಬರು, ಯಾವ ನಂಬರಿನಲ್ಲಿ ಏನು ಕೂತಿದೆ ಎಂದು ಹೇಳುವ ಮಾರುದ್ದದ ಹೆಸರು, ಇಷ್ಟೇ ಅವರ ಪ್ರಪಂಚ. ಅದರೊಳಗೆ ನಾವೂ ಬಾಳಬೇಕಲ್ಲ!

ಒಮ್ಮೆ ನನಗೆ ತಲೆನೋವು. ಆಸ್ಪಿರಿನ್ ತನ್ನಿ ಎಂದೆ. ಮಾವ ಬಾಗಲಗುಂಟೆಯ ಮೆಡಿಕಲ್ ಸ್ಟೋರಿಗೆ ಹೋಗಿ, "ಟೂ-ಅಸಿಟೈಲಾಕ್ಸಿ ಬೆಂಜೋಯಿಕ್ ಆಸಿಡ್ ಕೊಡಪ್ಪ" ಎಂದರಂತೆ.

ಅಂಗಡಿಯವನು ಗಾಬರಿಯಾಗಿ, "ಆಸಿಡ್ ಎಲ್ಲ ಇಡಲ್ಲ ಸಾರ್. ಮನೇಲಿ ಏನಾದ್ರೂ ಜಗಳಾನಾ?" ಎಂದ.

ಮಾವ ಬರಿಗೈಯಲ್ಲಿ ಬಂದರು.

ಇಷ್ಟರಲ್ಲೇ ಮುಗಿದಿದ್ದರೆ ನಗಬಹುದಿತ್ತು. ಒಂದು ದಿನ ಕಾರ್ಖಾನೆಯ ಡ್ರಮ್ಮುಗಳ ಮೇಲಿದ್ದ 'ಟಾಲ್ಯುಯೀನ್' ಚೀಟಿಗಳನ್ನೆಲ್ಲ ಕಿತ್ತು, ಅದೇ ದ್ರಾವಕದ ಶಾಸ್ತ್ರೋಕ್ತ ಹೆಸರು 'ಮೀಥೈಲ್‌ಬೆಂಜೀನ್' ಎಂದು ಅಂಟಿಸಿದರು. ಸರಕಿದ್ದೂ ಸರಕು ಸಿಗದೆ ಅರ್ಧ ದಿನ ಕೆಲಸ ನಿಂತಿತು. ಮಾಲೀಕರು ಮಾವನನ್ನು ಮನೆಗೆ ಕಳಿಸಿದರು.

"ಹಳೇ ಹೆಸರೇ ಬಿಟ್ಟಿದ್ರೆ ಏನ್ ಹೋಗ್ತಿತ್ತು ಮಾವ?" ಎಂದೆ.

"ಒಳಗೇನಿದೆ ಅಂತ ಹೇಳದಿದ್ರೆ ಅದೆಂಥ ಹೆಸರಮ್ಮ?"

ಐವತ್ತಾರರ ವಯಸ್ಸಿನವರಿಗೆ ಮತ್ತೆ ಯಾರು ಕೆಲಸ ಕೊಡುತ್ತಾರೆ? ಕರೆದ ಒಂದೇ ಒಂದು ಕಂಪನಿಯಲ್ಲೂ ಸಂದರ್ಶನ ಮಾಡುತ್ತಿದ್ದವರ ತಪ್ಪು ತಿದ್ದಿ ಬಂದರು. ಅತ್ತೆ ಅಳುವುದನ್ನೂ ಬಿಟ್ಟರು.

ಆ ಹೊತ್ತಿಗೆ ಮನೆಯ ಹಿಂದಿನ ರೂಮಿನ ಬಾಡಿಗೆದಾರ ಬಸಣ್ಣ ಹಾಸಿಗೆ ಹಿಡಿದ. ಯಾದಗಿರಿ ಕಡೆಯವನು, ಅದೇ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಡ್ರಮ್ಮು ತೊಳೆದವನು. ನಾನೂ ಮಾವನೂ ಆಸ್ಪತ್ರೆಗೆ ಕರೆದೊಯ್ದೆವು. ಏನೇನು ಮುಟ್ಟುತ್ತಿದ್ದೆ ಎಂದು ಡಾಕ್ಟರು ಕೇಳಿದರೆ, "ಬಣ್ಣದ ನೀರ್ರೀ" ಎಂದ. ಮಾವ ಪೆನ್ನು ತೆಗೆದು, ಆ ಕಾರ್ಖಾನೆಗೆ ಬಂದಿದ್ದ ರಾಸಾಯನಿಕಗಳನ್ನೆಲ್ಲ ಮೂರು ಪುಟ ಬರೆದುಕೊಟ್ಟರು. ಡಾಕ್ಟರು ಒಂದಕ್ಷರ ಬಿಡದೆ ಓದಿ, ಬೆಂಜೀನ್ ಎಂದಿದ್ದ ಕಡೆ ಗೆರೆ ಎಳೆದು, ರಕ್ತದ ಪರೀಕ್ಷೆ, ಮೂಳೆ ಮಜ್ಜೆಯ ಪರೀಕ್ಷೆ ಎರಡನ್ನೂ ಬರೆದರು.

ವಾರದ ನಂತರ ವರದಿ ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಾವ ಅದನ್ನು ಎರಡು ಸಲ ಓದಿದರು. ಒಂದು ಸಾಲಿನುದ್ದವಿದ್ದ ರೋಗದ ಹೆಸರಿನ ಕೆಳಗೆ ಬೆರಳು ಎಳೆದರು.

"ಏನ್ ಬರದಾರ್ರೀ ಸರ? ಭಾಳ ಉದ್ದಾನ ಹೆಸರೈತೇನ್?" ಬಸಣ್ಣ ಕೇಳಿದ.

ಮಾವ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು.

"ಇಲ್ಲ ಕಣಪ್ಪ. ರಕ್ತ ಕಮ್ಮಿ ಅಂತಷ್ಟೇ. ಮಿಕ್ಕಿದ್ದು ಡಾಕ್ಟ್ರು ಹೇಳ್ತಾರೆ. ಮೊದ್ಲು ಹೊಟ್ಟೆಗೆ ತಗೋ."

ಅತ್ತೆ ಕಟ್ಟಿಕೊಟ್ಟಿದ್ದ ಇಡ್ಲಿ ಬಿಚ್ಚಿ, ಚಿಕ್ಕ ಚಿಕ್ಕದಾಗಿ ಮುರಿದು, ಒಂದೊಂದೇ ತುತ್ತನ್ನು ಅವನ ಬಾಯಿಗಿಡತೊಡಗಿದರು.