ಶಂಭುಲಿಂಗನ ಬಿಸಿಲು ಫ್ರಿಜ್ಜು

ರಂಪವೆಲ್ಲ ಶುರುವಾಗಿದ್ದು ಒಂದು ಡಬ್ಬಿ ಐಸ್‌ಕ್ರೀಮಿನಿಂದ.

ಕೈಲಾಂಚದ ಮಾವನ ಮನೆಯಲ್ಲೇ ಠಿಕಾಣಿ ಹೂಡಿದ್ದ ಶಂಭುಲಿಂಗ ಹಳೇ ವ್ಯಾನೊಂದನ್ನು ತಂದು, ಒಳಗೆ ಹಾಸಿಗೆ, ಮೂಲೆಗೊಂದು ಪುಟಾಣಿ ಫ್ರಿಜ್ಜು, ತಲೆ ಮೇಲೆ ಸೋಲಾರ್ ಪ್ಯಾನೆಲ್ಲು ಕೂರಿಸಿದ್ದ. ಹೆಂಡತಿ ಸೌಮ್ಯಶ್ರೀಯನ್ನು ಸಂಗಮಕ್ಕೆ ಕರೆದೊಯ್ದು, ಹೊಳೆ ದಂಡೆಯಲ್ಲಿ ಐಸ್‌ಕ್ರೀಮ್ ತಿನ್ನಿಸುವುದು ಅವನ ಕನಸು. ಆ ಸೀನಿಗೆ ಮ್ಯೂಸಿಕ್ಕನ್ನೂ ಬಾಯಲ್ಲೇ ರೆಡಿ ಮಾಡಿಟ್ಟುಕೊಂಡಿದ್ದ.

ಆದರೆ ವ್ಯಾನಿನ ಮೇಲೆ ಮಾವ ಸಿದ್ದಗಂಗಯ್ಯನ ಕಣ್ಣು ಬಿದ್ದಿತ್ತು.

"ಅಳಿಯಂದ್ರೇ, ಕರೆಂಟಿಲ್ದೆ ಫ್ರಿಜ್ ಓಡ್ತದಾ? ಸಂಜೆಗಂಟ ಐಸ್‌ಕ್ರೀಮ್ ಗಟ್ಟಿಯಾಗಿದ್ರೆ ಸಂಗಮಕ್ಕೆ ಹೋಗಿ. ಕರಗ್ತೋ, ವ್ಯಾನು ನನ್ನ ರೇಷ್ಮೆ ಹುಳಕ್ಕೆ ಸೊಪ್ಪು ಹೊರಬೇಕು."

"ಮಾವ, ಸೂರ್ಯ ಬೇಕಾದ್ರೆ ರಜಾ ಹಾಕ್ಲಿ, ಈ ಶಂಭು ಹಾಕಲ್ಲ!"

"ಡೈಲಾಗ್ ಆಮೇಲೆ, ಮೊದ್ಲು ಡಬ್ಬಿ ಒಳಗಿಡ್ರೀ," ಎಂದಳು ಸೌಮ್ಯಶ್ರೀ.

ಶಂಭು ವ್ಯಾನನ್ನು ಬಿಸಿಲಿಗೆ ನಿಲ್ಲಿಸಿ ಸ್ನಾನ ಮಾಡಿ ಬರುವಷ್ಟರಲ್ಲಿ ಅದು ಹೊಂಗೆ ಮರದ ಕೆಳಗೆ ನಿಂತಿತ್ತು. ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತವಳು ನೆರೆಮನೆ ದಾಸಮ್ಮ.

"ತಣ್ಣಗಿರ್ಬೇಕಾದ್ದನ್ನ ಯಾರಾದ್ರೂ ಬಿಸಿಲಲ್ಲಿ ನಿಲ್ಲಿಸ್ತಾರಾ? ದಾರಿಲಿ ಹೋಗೋರನ್ನೆಲ್ಲ ಕರೆದು ನೆರಳಿಗೆ ತಳ್ಳಿಸ್ಬುಟ್ಟೆ. ಥ್ಯಾಂಕ್ಸ್ ಗೀಂಕ್ಸ್ ಏನೂ ಬ್ಯಾಡ."

ಶಂಭು ಹಲ್ಲು ಕಡಿಯುತ್ತ ವ್ಯಾನನ್ನು ಮತ್ತೆ ಬಿಸಿಲಿಗೆ ತಂದ. ಊಟ ಮುಗಿಸಿ ಬಂದು ನೋಡಿದರೆ ಪ್ಯಾನೆಲ್ಲಿನ ಮೇಲೆ ಬಿಳೀ ನಕ್ಷತ್ರಗಳ ಹಾಗೆ ಸಂಡಿಗೆ!

"ಕರೀ ಗಾಜು ಕಣಪ್ಪ, ಕಾವಲಿ ಹಂಗೆ ಕಾದೈತೆ," ಎಂದಳು ದಾಸಮ್ಮ ಏಣಿಯ ಮೇಲಿಂದ.

"ದಾಸಮ್ಮೋ, ಅದು ಸೋಲಾರು!"

"ಇರ್ಲಿ ಬುಡು, ಸಂಡಿಗೆಗೆ ಅದೇನೂ ಮಾಡಲ್ಲ."

ಬ್ಯಾಟರಿ ಕೊನೆಯುಸಿರೆಳೆದಿತ್ತು. ಡಬ್ಬಿ ಒತ್ತಿದರೆ ಮಗುವಿನ ಕೆನ್ನೆಯಷ್ಟು ಮೆತ್ತಗೆ. ಹೀರೋ ಅಲ್ಲೇ ವಿಲನ್ ಆದ. ಮಾವ ರೇಷ್ಮೆ ಸಾಕುವ ಹುಳದ ಮನೆಗೆ ನುಗ್ಗಿ, ಅಲ್ಲಿ ಯಾವುದೋ ಪ್ಲಗ್ಗು ಕಿತ್ತು, ತನ್ನ ಉದ್ದನೆ ವೈರು ಸಿಕ್ಕಿಸಿ, ಅದರ ಮೇಲೆ ಹಿಪ್ಪುನೇರಳೆ ಕಡ್ಡಿ ಮುಚ್ಚಿ ವ್ಯಾನಿನವರೆಗೂ ಎಳೆದ. ಫ್ರಿಜ್ಜು ಎಮ್ಮೆಯಂತೆ ಒಮ್ಮೆ ಗುಟುರು ಹಾಕಿ ಜೀವ ಹಿಡಿಯಿತು. ಸಂಜೆಗೆ ಮುಂಚೆ ವೈರು ಸುತ್ತಿ ಸೀಟಿನಡಿ ಬಚ್ಚಿಟ್ಟ.

ಸಂಜೆ ಮಾವ ಚಮಚ ಚುಚ್ಚಿದರೆ ಚಮಚವೇ ಬಗ್ಗಿತು!

"ಬಿಸಿಲಲ್ಲಿ ಇಷ್ಟು ಗಟ್ಟಿನಾ!"

ಶಂಭು ಕಾಲರ್ ಎತ್ತಿದ. "ಸೌಮ್ಯಾ, ಬ್ಯಾಗ್ ರೆಡಿ ಮಾಡು!"

"ಒಸಿ ತಡೀರಿ," ಎಂದ ಮಾವ. "ಮಧ್ಯಾಹ್ನದಿಂದ ಹುಳದ ಮನೇಲಿ ಫ್ಯಾನ್ ಯಾಕೋ ನಿಂತೋಗೈತೆ. ಹುಳ ಸೆಕೆಗೆ ಒದ್ದಾಡ್ತಾವೆ. ದ್ಯಾವ್ರು ಕೊಟ್ಟಂಗೆ ಈ ವ್ಯಾನು! ಫ್ರಿಜ್ ಬಾಗಿಲು ತೆಗೆದಿಟ್ರೆ ವ್ಯಾನೆಲ್ಲ ತಂಪು. ಗೂಡು ಕಟ್ಟೋಗಂಟ ಹುಳ ಇಲ್ಲೇ ಇರ್ಲಿ."

"ಮಾವ, ಗೆದ್ದಿದ್ದು ನಾನು!"

"ಗೆದ್ದಿದ್ದಕ್ಕೇ ಹೇಳ್ತಿರೋದು ಅಳಿಯಂದ್ರೇ! ಸೋತಿದ್ರೆ ಬರೀ ಸೊಪ್ಪು ಹೊರಿಸ್ತಿದ್ದೆ."

ಶಂಭುಲಿಂಗನಿಗೆ ಪ್ಲಗ್ಗಿನ ಕತೆ ನೆನಪಾಯಿತು. ತಾನೇ ಹೋಗಿ ವ್ಯಾನಿನ ಬಾಗಿಲು ತೆರೆದ. ಹುಳದ ತಟ್ಟೆಗಳು ಒಂದೊಂದಾಗಿ ಅವನ ಹೊಸ ಹಾಸಿಗೆ ಏರಿದವು.

ಗಂಡ ಹೆಂಡತಿ ಜಗಲಿ ಮೇಲೆ ಕೂತು ಐಸ್‌ಕ್ರೀಮ್ ಕೆರೆದುಕೊಂಡು ತಿಂದರು. ಅದು ಮಾತ್ರ ಅಮೃತದಂತಿತ್ತು.

"ರೀ," ಸೌಮ್ಯಶ್ರೀ ಕಿವಿಯಲ್ಲಿ ನಕ್ಕಳು, "ಸೀಟಿನಡಿ ವೈರು ನೋಡ್ದೆ. ಮುಂದಿನ ಸಲ ಕರೆಂಟ್ ಕದಿಯೋವಾಗ ಫ್ಯಾನಿನ ಪ್ಲಗ್ ಬಿಟ್ಟು ಬಲ್ಬಿಂದು ಕೀಳಿ."