ಮಾದನಕೊಪ್ಪಲಿನ ಶತ್ರುದೇಶ

ಮಾದನಕೊಪ್ಪಲಿಗೂ ತಿಮ್ಮನಹಟ್ಟಿಗೂ ನಡುವೆ ಒಂದು ಹುಣಸೆಮರ ಇದೆ. ಮರದ ಈಚೆಗೆ ಅರಸೀಕೆರೆ ತಾಲ್ಲೂಕು, ಆಚೆಗೆ ಬೇಲೂರು ತಾಲ್ಲೂಕು. ನಡುವಿನ ಆ ಜಾಗಕ್ಕೆ ಸರ್ಕಾರಿ ಕಾಗದದಲ್ಲಿ ಒಂದು ಹೆಸರಿತ್ತು. ಸರ... ಸರಬರಾಜು ಅಲ್ಲ. ಸರಪಣಿಯೂ ಅಲ್ಲ. ನಮ್ಮ ತಂದೆ ಶ್ಯಾನುಭೋಗರ ಹತ್ತಿರ ಮಾತಾಡುವಾಗ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಸರಹದ್ದು. ಹೌದು, ಸರಹದ್ದು. ನಾನು ಊರು ಬಿಟ್ಟು ನಾಗಪುರಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು, ಆ ಪದ ಬಳಸುವ ಸಂದರ್ಭ ಬಂದಿರಲಿಲ್ಲ. ಊರಿನಲ್ಲಿ ಇದ್ದವರಿಗೂ ಬಂದಿರಲಿಲ್ಲ. ಹೋದ ವರ್ಷ ಬಂತು. ಸದರಿ ಸರಹದ್ದಿನಲ್ಲಿ ಪರಿಸ್ಥಿತಿ ಉದ್ವಿಗ್ನವಾಗಿದೆ ಎಂದು ಆದೇಶವಾಯಿತು.

ಇದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿದವಳು ನನ್ನ ತಂಗಿ ಲಕ್ಕಮ್ಮ. ಅವಳನ್ನು ಮಾದನಕೊಪ್ಪಲಿನಲ್ಲೇ ಸೋದರಮಾವನ ಮನೆಗೆ ಕೊಟ್ಟಿದ್ದು. ಗಂಡ ತೀರಿಕೊಂಡಿದ್ದಾನೆ, ಎರಡು ಹಸು ಇವೆ, ಅವುಗಳ ಹಾಲಿನಲ್ಲಿ ಅವಳ ಜೀವನ. ಹಾಲು ಹಾಕುವ ಡೈರಿ ಇರುವುದು ತಿಮ್ಮನಹಟ್ಟಿಯಲ್ಲಿ. ಮೂವತ್ತು ವರ್ಷದಿಂದ ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಹುಣಸೆಮರ ದಾಟಿಕೊಂಡು ಹೋಗಿ ಬರುತ್ತಿದ್ದಳು. ತಾನು ಎರಡು ತಾಲ್ಲೂಕಿನ ನಡುವೆ ಓಡಾಡುತ್ತಿದ್ದೇನೆ ಎಂಬುದು ಅವಳ ಗಮನಕ್ಕೆ ಬಂದಿರಲಿಲ್ಲ.

ಮಾದನಕೊಪ್ಪಲು ಪಂಚಾಯಿತಿಗೆ ಮೇಲಿನ ಯಾವುದೋ ಕಚೇರಿಯಿಂದ ಒಂದು ಸುತ್ತೋಲೆ ಬಂತು. ವಿಷಯ: ಮಹಾಶಕ್ತಿಗಳ ಪೈಪೋಟಿ ಹಾಗೂ ಜಾಗತಿಕ ಬದಲಾವಣೆಗಳ ಹಿನ್ನೆಲೆಯಲ್ಲಿ ಪ್ರಾದೇಶಿಕ ಭದ್ರತೆಯ ಸವಾಲುಗಳು, ಗ್ರಾಮವಾರು ಮಾಹಿತಿ. ಬಂದದ್ದು ಮಧ್ಯಾಹ್ನ ಮೂರಕ್ಕೆ, ಭರ್ತಿ ಮಾಡಿ ಕಳಿಸಬೇಕಾದದ್ದು ಅದೇ ದಿನ ಐದಕ್ಕೆ. ಹನ್ನೊಂದು ಕಾಲಂ ಇತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ಶೂನ್ಯ ವರದಿಯನ್ನು ಸ್ವೀಕರಿಸಲಾಗುವುದಿಲ್ಲ ಎಂದಿತ್ತು.

ಪಂಚಾಯಿತಿಯ ಅಧಿಕಾರಿ ಉದಯಕುಮಾರ್ ನಿಷ್ಠಾವಂತರು. ಏಳು ವರ್ಷದ ಸೇವೆಯಲ್ಲಿ ಒಂದು ಕಾಲಮನ್ನೂ ಖಾಲಿ ಬಿಟ್ಟವರಲ್ಲ. ಹಿಂದೊಮ್ಮೆ ಜಾನುವಾರು ಗಣತಿಯಲ್ಲಿ ಒಂಟೆಗಳ ಸಂಖ್ಯೆ ಕೇಳಿದಾಗ ನಾಲ್ಕು ಎಂದು ಬರೆದು, ಮರುವರ್ಷ ಬೆಳವಣಿಗೆ ತೋರಿಸಬೇಕಾದ್ದರಿಂದ ಐದು ಮಾಡಿದ್ದರು. ಒಂಟೆಗಳಿಗೆ ಲಸಿಕೆ ಬಂತು. ಆ ಲಸಿಕೆಯನ್ನು ಲಕ್ಕಮ್ಮನ ಹಸುಗಳಿಗೇ ಹಾಕಿದರು, ಏನೂ ಆಗಲಿಲ್ಲ.

ಆ ದಿನ ಲಕ್ಕಮ್ಮ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಹೇಳಲು ಪಂಚಾಯಿತಿಗೆ ಹೋಗಿದ್ದಳು. ಉದಯಕುಮಾರ್ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು.

"ಅಮ್ಮ, ನಮಗೆ ಶತ್ರುಗಳು ಯಾರು?"

"ನಮಗ್ಯಾರು ಸಾ ಶತ್ರುಗಳು. ತಿಮ್ಮನಹಟ್ಟಿಯೋರು ಒಂದ್ಸಲ ನಮ್ ಚಿಕ್ಕವ್ವನ್ ಮಗಳ ಮದುವೇಲಿ ಎರಡನೇ ಹೋಳಿಗೆ ಬಡಿಸ್ಲಿಲ್ಲ. ಅಷ್ಟೆಯ."

ಉದಯಕುಮಾರ್ ಬರೆದುಕೊಂಡರು. ಶತ್ರುರಾಷ್ಟ್ರ: ತಿಮ್ಮನಹಟ್ಟಿ. ಕಾರಣ: ಆಹಾರ ಪೂರೈಕೆಯನ್ನು ಏಕಪಕ್ಷೀಯವಾಗಿ ಸ್ಥಗಿತಗೊಳಿಸಿದ್ದು. ನೌಕಾಬಲದ ಕಾಲಮಿಗೆ ಊರ ಕಟ್ಟೆಯ ಏರಿ ಮೇಲೆ ಮಗುಚಿ ಹಾಕಿದ್ದ ತೆಪ್ಪ ಸಿಕ್ಕಿತು: ಒಂದು, ಸದ್ಯ ದಡದಲ್ಲಿದೆ. ಪೈಪೋಟಿಯಲ್ಲಿರುವ ಮಹಾಶಕ್ತಿಗಳು ಎಂಬಲ್ಲಿ ಅವರು ಅರಸೀಕೆರೆ ಮತ್ತು ಬೇಲೂರು ಎಂದು ಬರೆದರು. ಅರಸೀಕೆರೆ ರೈಲ್ವೆ ಜಂಕ್ಷನ್, ಅಲ್ಲಿ ಕೊಬ್ಬರಿ ಹರಾಜು ಕೂಗಿದರೆ ಉತ್ತರದೇಶದ ವ್ಯಾಪಾರಿಗಳು ಕಿವಿ ಕೊಡುತ್ತಾರೆ. ಬೇಲೂರು ತಾಲ್ಲೂಕಿಗಾದರೆ ಹಳೇಬೀಡಿನ ನೆಪದಲ್ಲಿ ಪ್ರಪಂಚದ ಎಲ್ಲ ದೇಶಗಳಿಂದ ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಎರಡೂ ಮಹಾಶಕ್ತಿಗಳಾಗಲು ಅರ್ಹವೇ. ಇದರಲ್ಲಿ ತಪ್ಪು ಹುಡುಕಲು ನನಗೂ ಆಗಿಲ್ಲ.

ನಾಲ್ಕೂವರೆಗೆ ತಿಮ್ಮನಹಟ್ಟಿ ಪಂಚಾಯಿತಿಯ ಅಧಿಕಾರಿ ಪುಷ್ಪಲತಾ ಫೋನ್ ಮಾಡಿ, ನಿಮ್ಮದು ಆಗಿದ್ದರೆ ಕಳಿಸಿ ಸರ್ ಎಂದರು. ಅಲ್ಲಿಯ ಪದ್ಧತಿ ಹಾಗೆ. ಯಾವ ವರದಿಯೇ ಆಗಲಿ, ಮೊದಲು ಮುಗಿಸಿದವರು ಪಕ್ಕದ ಪಂಚಾಯಿತಿಗೆ ಕಳಿಸುತ್ತಾರೆ, ಅವರು ಊರಿನ ಹೆಸರು ತಿದ್ದಿ ತಮ್ಮದನ್ನಾಗಿ ಮಾಡಿಕೊಳ್ಳುತ್ತಾರೆ. ಪುಷ್ಪಲತಾ ಮಾದನಕೊಪ್ಪಲು ಇದ್ದಲ್ಲಿ ತಿಮ್ಮನಹಟ್ಟಿ, ತಿಮ್ಮನಹಟ್ಟಿ ಇದ್ದಲ್ಲಿ ಮಾದನಕೊಪ್ಪಲು ಹಾಕಿ ಐದಕ್ಕೆ ಸರಿಯಾಗಿ ಕಳಿಸಿದರು. ಇಬ್ಬರೂ ಸಾಯಂಕಾಲ ನೆಮ್ಮದಿಯಿಂದ ಮನೆಗೆ ಹೋದರು.

ಮೇಲಿನ ಕಚೇರಿಯಲ್ಲಿ ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟು ನೋಡಲಾಯಿತು. ಬೇರೆ ಪಂಚಾಯಿತಿಯವರು ಕೋತಿ, ಬೀದಿನಾಯಿ, ಚಿರತೆ ಎಂದು ಬರೆದಿದ್ದರು. ಇವೆರಡು ಮಾತ್ರ ಒಂದರ ಮೇಲೊಂದು ನೇರವಾಗಿ ಆರೋಪ ಮಾಡಿದ್ದವು, ಅದೂ ಅಕ್ಷರ ಬಿಡದೆ ಒಂದೇ ಆರೋಪ. ಪರಸ್ಪರ ಸಂಪರ್ಕವಿಲ್ಲದ ಎರಡು ಮೂಲಗಳಿಂದ ವೈರತ್ವ ದೃಢಪಟ್ಟಿರುತ್ತದೆ ಎಂದು ಟಿಪ್ಪಣಿ ಏರಿತು. ಮೂರು ವಾರದಲ್ಲಿ ಆದೇಶ ಇಳಿಯಿತು.

ಆದೇಶದ ಪ್ರಕಾರ ಹುಣಸೆಮರದ ಎರಡೂ ಕಡೆ ಒಂದೊಂದು ಕಾವಲು ಗೋಪುರ ಎದ್ದಿತು, ಪ್ರತಿ ಗೋಪುರಕ್ಕೂ ಒಬ್ಬ ಕಾವಲುಗಾರ. ಜನರ ಓಡಾಟಕ್ಕೆ ಅಡ್ಡಿ ಇರಲಿಲ್ಲ. ತವರಿಗೆ ಬರುವ ಹೆಣ್ಣುಮಕ್ಕಳನ್ನು ತಾತ್ಕಾಲಿಕ ಒಳನುಸುಳುವಿಕೆ ಎಂದು ಪರಿಗಣಿಸಿ ಮೂರು ದಿನ ಅವಕಾಶ ಕೊಟ್ಟಿದ್ದರು. ಬಾಣಂತನಕ್ಕಾದರೆ ಮೂರು ತಿಂಗಳು. ಸರಕು ಮಾತ್ರ ದಾಟುವಂತಿರಲಿಲ್ಲ. ಹಾಲಿನ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದರು: ಶತ್ರುಪಡೆಯ ಚಹಾಕ್ಕೆ ಬಳಕೆಯಾಗುವ ಸಾಧ್ಯತೆ ಇರುವುದರಿಂದ ಇದು ಯುದ್ಧೋಪಯೋಗಿ ವಸ್ತು.

ಲಕ್ಕಮ್ಮ ಮೊದಲ ದಿನದ ಹಾಲಿಗೆ ಹೆಪ್ಪು ಹಾಕಿದಳು. ಎರಡನೆಯ ದಿನದ್ದಕ್ಕೂ ಹಾಕಿದಳು. ಮೂರನೆಯ ದಿನ ಮನೆಯಲ್ಲಿ ಪಾತ್ರೆ ಉಳಿಯಲಿಲ್ಲ. ಬೀದಿಯವರಿಗೆ ಹಂಚಿದಳು, ನಾಲ್ಕು ದಿನ ಕಳೆಯುವಷ್ಟರಲ್ಲಿ ಬೀದಿಯವರು ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಅಷ್ಟರಲ್ಲಿ ಡೈರಿ ಕಾರ್ಯದರ್ಶಿ ಶಶಿಧರ್ ಹೇಳಿಕಳಿಸಿದ: ಸತತ ಹದಿನೈದು ದಿನ ಹಾಲು ಹಾಕದಿದ್ದರೆ ಸದಸ್ಯತ್ವ ರದ್ದಾಗುತ್ತದೆ, ಹಸುಗಳ ವಿಮೆಯೂ ಹೋಗುತ್ತದೆ, ನನ್ನ ಕೈಯಲ್ಲಿ ಏನೂ ಇಲ್ಲ ದೊಡ್ಡಮ್ಮ. ಮೂವತ್ತು ವರ್ಷದ ಸದಸ್ಯತ್ವ. ಎಂಟನೆಯ ದಿನ ಅವಳು ಉದಯಕುಮಾರ್ ಎದುರಿಗೆ ಹೋಗಿ ನಿಂತಳು.

"ಬರ್ದಿದ್ದು ತಪ್ಪಾಯ್ತು ಅಂತ ಇನ್ನೊಂದು ಕಾಗದ ಬರೀರಿ ಸಾ."

"ಬರೀಬಹುದು ಅಮ್ಮ, ನಮೂನೇಲಿ ಜಾಗ ಇಲ್ಲ. ಉದ್ವಿಗ್ನತೆ ಹೆಚ್ಚಿದೆ, ಬಹಳ ಹೆಚ್ಚಿದೆ, ಎರಡೇ ಕೊಟ್ಟಿರೋದು. ನಾನು ನಿಮಗೋಸ್ಕರ ಕಮ್ಮೀದನ್ನೇ ಟಿಕ್ ಮಾಡಿದೀನಿ."

ಇಷ್ಟಾದರೂ ಅವರು ಕರುಣೆಯಿಲ್ಲದವರಲ್ಲ. ಶಾಂತಿ ಮಾತುಕತೆಗೆ ಒಪ್ಪಿದರು. ಎಲ್ಲಿ ಕೂರಬೇಕು ಎಂಬುದಕ್ಕೆ ಎರಡು ದಿನ ಹೋಯಿತು. ಅರಸೀಕೆರೆಯ ರೈಲ್ವೆ ಕ್ಯಾಂಟೀನಿಗೆ ತಿಮ್ಮನಹಟ್ಟಿಯವರು ಬರುವುದಿಲ್ಲ ಎಂದರು, ಹಳೇಬೀಡಿನ ಕೆರೆ ಏರಿಗೆ ಮಾದನಕೊಪ್ಪಲಿನವರು ಒಪ್ಪಲಿಲ್ಲ. ಕೊನೆಗೆ ಯಾವ ಪಕ್ಷದ ನೆಲದಲ್ಲೂ ನಿಲ್ಲದ ಸ್ಥಳವೆಂದು ಅರಸೀಕೆರೆ-ಹಳೇಬೀಡು ಬಸ್ಸನ್ನು ಆರಿಸಲಾಯಿತು. ಹನ್ನೊಂದನೆಯ ದಿನ ಶೃಂಗಸಭೆ ಸೇರಿತು. ಎಡಗಡೆ ಸೀಟು ಮಾದನಕೊಪ್ಪಲಿಗೆ, ಬಲಗಡೆಯದು ತಿಮ್ಮನಹಟ್ಟಿಗೆ ಎಂದು ಮೊದಲೇ ಒಪ್ಪಂದವಾಗಿತ್ತು. ಆದರೆ ಕಂಡಕ್ಟರು ಹೆಂಗಸರೆಲ್ಲ ಮುಂದೆ ಬನ್ನಿ ಎಂದದ್ದರಿಂದ ಲಕ್ಕಮ್ಮನೂ ಪುಷ್ಪಲತಾ ಅವರೂ ಒಂದೇ ಸೀಟಿನಲ್ಲಿ ಕೂರಬೇಕಾಯಿತು. ಇದನ್ನು ನಡಾವಳಿಯಲ್ಲಿ ದಾಖಲಿಸಲಿಲ್ಲ.

ತಿಮ್ಮನಹಟ್ಟಿ ಪಂಚಾಯಿತಿಯ ಅಧ್ಯಕ್ಷ ಹನುಮಯ್ಯ ಕಂಬಿ ಹಿಡಿದು ನಿಂತೇ ಮಾತಾಡಿದ. ಅವನ ಅಡ್ಡಿಯನ್ನು ತಿಳಿಯಬೇಕಾದರೆ ನಮ್ಮ ಕಡೆಯ ಒಂದು ವಿಷಯ ಗೊತ್ತಿರಬೇಕು. ಉಂಡೆ ಕೊಬ್ಬರಿ ಮಾಡುವವರು ತೆಂಗಿನಕಾಯಿಯನ್ನು ಅಟ್ಟಕ್ಕೆ ಏರಿಸಿ ಗಾಳಿಯಾಡುವಂತೆ ಹರಡುತ್ತಾರೆ. ಹನ್ನೊಂದು ತಿಂಗಳು ಅದನ್ನು ಅಲುಗಾಡಿಸಬಾರದು. ಹೊಸ ಕಾವಲು ಗೋಪುರಕ್ಕೆ ತಗಡಿನ ಸೂರು, ನಾಲ್ಕು ಕಡೆ ಕಿಂಡಿ, ನೆಲಕ್ಕೆ ಸಂದು ಬಿಟ್ಟು ಹಾಕಿದ ಹಲಗೆ. ಶತ್ರುವನ್ನು ನೋಡಲು ಕಟ್ಟಿದ್ದರೂ ಕಾಯಿಗೆಂದೇ ಅಳತೆ ಕೊಟ್ಟು ಮಾಡಿಸಿದಂತಿತ್ತು.

"ಆರು ಸಾವಿರ ಕಾಯಿ ಏರ್ಸಿದೀವಿ ಕಣವ್ವ," ಎಂದ ಹನುಮಯ್ಯ. "ಈಗ್ಲೇ ಶಾಂತಿ ಮಾಡ್ಕಂಡ್ರೆ ಗೋಪುರ ಬಿಚ್ಕಂಡ್ ಹೋಯ್ತಾರೆ. ಕಾಯಿ ಎಲ್ಲಿಗ್ ಹಾಕನ? ನಿಮ್ ಗೋಪುರದಾಗೂ ಕಾಯೇ ಐತೆ, ಕೇಳು ನಿಮ್ ಸಾಹೇಬ್ರನ್ನ."

ಉದಯಕುಮಾರ್ ಕಿಟಕಿಯ ಆಚೆ ನೋಡಿದರು.

"ಕಾಯಿಗೆ ಹನ್ನೊಂದು ತಿಂಗ್ಳು ಟೇಮು ಐತೆ," ಎಂದಳು ಲಕ್ಕಮ್ಮ. "ಹಾಲಿಗೆ ಎರಡು ಗಂಟೆ. ನಂದ್ಯಾರು ನೋಡೋರು?"

ಪುಷ್ಪಲತಾ ಬ್ಯಾಗಿನಿಂದ ಆದೇಶದ ಪ್ರತಿ ತೆಗೆದು ಓದತೊಡಗಿದರು. ಬಸ್ಸು ಹಳೇಬೀಡು ತಲುಪಿ, ಕಾಫಿ ಕುಡಿಯಲು ನಿಂತು, ತಿರುಗಿ ಹೊರಟಿತು. ವಾಪಸ್ ಬರುವಾಗ ಪುಷ್ಪಲತಾ ಅವರ ಕಣ್ಣಿಗೆ ಒಂಬತ್ತನೆಯ ಷರತ್ತು ಬಿತ್ತು: ಶತ್ರುಪಕ್ಷದಿಂದ ವಶಪಡಿಸಿಕೊಂಡ ಸರಕನ್ನು ಗಡಿಯೊಳಗೆ ತಂದು ಸೂಕ್ತವಾಗಿ ವಿಲೇವಾರಿ ಮಾಡತಕ್ಕದ್ದು. ಡೈರಿಗೆ ಹಾಕುವುದಕ್ಕಿಂತ ಸೂಕ್ತವಾದ ವಿಲೇವಾರಿ ಹಾಲಿಗೆ ಇಲ್ಲ ಎಂಬುದನ್ನು ಎರಡೂ ಪಕ್ಷಗಳು ಒಪ್ಪಿದವು. ಹೀಗೆ ಶಾಂತಿಯ ಗೊಡವೆಗೆ ಹೋಗದೆ ಮಾತುಕತೆ ಯಶಸ್ವಿಯಾಯಿತು.

ಹದಿಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಲಕ್ಕಮ್ಮ ಕ್ಯಾನು ಹಿಡಿದು ಹುಣಸೆಮರದ ಕೆಳಗೆ ನಿಂತಳು. ತಿಮ್ಮನಹಟ್ಟಿಯ ಕಾವಲುಗಾರ ರಘು ಗೋಪುರದಿಂದ ಇಳಿದು ಬಂದ. ಅವನು ಅವಳ ಅಳಿಯ, ಮಗಳು ನಯನಾಳ ಗಂಡ.

"ಅತ್ತೆ, ಕ್ಯಾನು ಕೆಳಗಿಡಿ. ವಶಕ್ಕೆ ತಗೋತಾ ಇದೀನಿ."

"ಮುಚ್ಚಳ ಸಡಲ ಐತೆ, ನೋಡ್ಕಂಡು ವಶ ಮಾಡ್ಕಳಪ್ಪ. ನಯನಾಗೆ ಕೆಮ್ಮು ಕಮ್ಮಿ ಆಯ್ತಾ?"

ಕಮ್ಮಿಯಾಗಿದೆ ಎಂದು ಹೇಳಿ ರಘು ಮಹಜರು ಬರೆದ. ಶತ್ರುಪಕ್ಷದ ಒಂದು ಕ್ಯಾನು, ಅದರೊಳಗೆ ಒಂಬತ್ತು ಲೀಟರು ದ್ರವ. ಡೈರಿಯಲ್ಲಿ ಶಶಿಧರ್ ಅಳೆದು, ಫ್ಯಾಟು ನೋಡಿ, ಲಕ್ಕಮ್ಮನ ಹೆಸರಿಗೆ ಹಾಕಿಕೊಂಡ. ಖಾಲಿ ಕ್ಯಾನನ್ನು ಮಾನವೀಯ ನೆಲೆಯಲ್ಲಿ ಹಿಂದಿರುಗಿಸಲಾಯಿತು. ಸದಸ್ಯತ್ವ ಉಳಿಯಿತು. ಅಂದಿನಿಂದ ದಿನಕ್ಕೆ ಎರಡು ಸಲ ಜಪ್ತಿ ನಡೆಯುತ್ತಿದೆ. ಮರುದಿನ ಮಾದನಕೊಪ್ಪಲಿನಿಂದ ಡೈರಿಗೆ ಹಾಲು ಹಾಕುತ್ತಿದ್ದ ಉಳಿದ ಹದಿನಾಲ್ಕು ಮನೆಯವರೂ ಕ್ಯಾನು ಹಿಡಿದು ಸಾಲಿನಲ್ಲಿ ನಿಂತರು. ಮೊದಲು ಜಪ್ತಿಯಾಗಬೇಕೆಂದು ಅವರ ನಡುವೆ ಸಣ್ಣಪುಟ್ಟ ಜಗಳವಾಗುವುದುಂಟು.

ವರ್ಷ ತುಂಬಿದಾಗ ಮೇಲಿನಿಂದ ಹೇಮಾಶ್ರೀ ಎಂಬ ಅಧಿಕಾರಿ ಪರಿಶೀಲನೆಗೆ ಬಂದರು. ವರ್ಷದ ಹಿಂದೆ ಒಂದೂ ಜಪ್ತಿ ಇರಲಿಲ್ಲ, ಈಗ ಹತ್ತು ಸಾವಿರ ದಾಟಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇಷ್ಟು ಬಿಗುವಾದ ಗಡಿಯನ್ನು ತಾವು ನೋಡಿಯೇ ಇಲ್ಲ ಎಂದರಂತೆ. ಎರಡೂ ಕಡೆಗೆ ಇನ್ನೊಂದೊಂದು ಗೋಪುರ ಮಂಜೂರಾಯಿತು. ಆ ವರ್ಷದ ಕಾಯಿಗೆ ಜಾಗವಾಯಿತು. ಜೊತೆಗೆ ಹೊಸದೊಂದು ಷರತ್ತು ಬಂತು. ವೈರತ್ವ ಮುಂದುವರಿದಿದೆ ಎಂದು ಹೊರರಾಜ್ಯದ ತಟಸ್ಥ ವೀಕ್ಷಕರೊಬ್ಬರು ತಿಂಗಳಿಗೊಮ್ಮೆ ದೃಢೀಕರಿಸಬೇಕು. ತಪ್ಪಿದಲ್ಲಿ ಒಂಬತ್ತನೆಯ ಷರತ್ತು ತಾನಾಗಿಯೇ ರದ್ದಾಗುತ್ತದೆ.

ಲಕ್ಕಮ್ಮ ನನ್ನ ಹೆಸರು ಹೇಳಿದಳು. ನಾನು ಹುಟ್ಟಿದ್ದು ಮಾದನಕೊಪ್ಪಲಿನಲ್ಲಿ, ನನ್ನ ಗಂಡನ ಮನೆ ತಿಮ್ಮನಹಟ್ಟಿ. ಎರಡೂ ಕಡೆ ನೆಂಟಸ್ತಿಕೆ ಸಮವಾಗಿರುವುದರಿಂದ ನಾನು ತಟಸ್ಥಳು ಎಂದು ಹೇಮಾಶ್ರೀಯವರು ಷರಾ ಬರೆದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಒಪ್ಪುತ್ತಿದ್ದೆ.

ಈ ತಿಂಗಳು ಜ್ವರ ಬಂದು ಮಲಗಿದ್ದರಿಂದ ಪತ್ರ ಕಳಿಸುವುದು ಎರಡು ದಿನ ತಡವಾಯಿತು. ಈಗಷ್ಟೆ ಲಕ್ಕಮ್ಮನ ಫೋನು ಬಂದಿತ್ತು. ಬೆಳಿಗ್ಗೆ ರಘು ಮರದ ಕೆಳಗೆ ಬಂದು, ಜಪ್ತಿ ಮಾಡಲು ಅಧಿಕಾರವಿಲ್ಲ ಅತ್ತೆ, ಎಂದು ಕೈ ಕಟ್ಟಿಕೊಂಡು ನಿಂತನಂತೆ. ಹದಿನೈದು ಮನೆಯ ಬೆಳಗಿನ ಹಾಲು ಮರದಡಿಯೇ ಒಡೆದುಹೋಗಿದೆ. ಕೈ ಇನ್ನೂ ನಡುಗುತ್ತದೆ, ಅಕ್ಷರ ಮೂಡುವುದಿಲ್ಲ. ಮೊಮ್ಮಗಳನ್ನು ಕರೆದೆ.

"ಮಧುಶ್ರೀ, ಆ ಪೆನ್ನು ತಗೊಂಡು ಬಾ. ಬರ್ಕೊ. 'ಮಾದನಕೊಪ್ಪಲು ಮತ್ತು ತಿಮ್ಮನಹಟ್ಟಿಗಳ ನಡುವಿನ ವೈರ ಈ ತಿಂಗಳೂ ಕ್ಷೇಮವಾಗಿದೆ. ಸುಧಾರಿಸುವ ಯಾವ ಲಕ್ಷಣವೂ ಕಂಡುಬಂದಿಲ್ಲ.' ಬರ್ದ್ಯಾ? ಫೋನಿನಲ್ಲಿ ಫೋಟೊ ಹೊಡ್ದು ಬೇಗ ಕಳ್ಸು ಮರಿ, ಅಲ್ಲಿ ಸಾಯಂಕಾಲದ ಹಾಲು ಕರೆಯೋ ಹೊತ್ತಾಯ್ತು."